ಗೋಡೆಗೆ ತೂಗುವ ಫೈಲ್ ಕಪಾಟಿಗೆ ಪಕ್ಕದ ಬ್ರಾಕೆಟ್: ಲೆಕ್ಕ, ತಯಾರಿಕೆ, ಜೋಡಣೆ

ಕಚೇರಿಯ ಗೋಡೆಯಿಂದ ಫೈಲ್ ಕಪಾಟು ಕಳಚಿ ಬಿದ್ದಾಗ ಬ್ರಾಕೆಟ್ಟನ್ನು ಎತ್ತಿ ನೋಡಿ. ಹೆಚ್ಚಿನ ಸಲ ಅದರ ತಗಡು ಮುರಿದಿರುವುದಿಲ್ಲ. ಮೇಲಿನ ಸ್ಕ್ರೂ ಪ್ಲಗ್ (ಗೋಡೆಯ ತೂತಿನಲ್ಲಿ ಸ್ಕ್ರೂ ಹಿಡಿಯುವ ನೈಲಾನ್ ಕೊಳವೆ) ಸಮೇತ ಗೋಡೆಯಿಂದ ಹೊರಬಂದಿರುತ್ತದೆ, ಇಲ್ಲವೇ ಆ ಸ್ಕ್ರೂ ಇದ್ದ ಕಡೆ ಮಡಿಕೆ ಬಾಯ್ಬಿಟ್ಟಿರುತ್ತದೆ. ಹಾಗಾಗಿ ವಿನ್ಯಾಸವನ್ನು ಶುರುಮಾಡಬೇಕಾದ್ದು ಕಪಾಟಿನ ಅಂದದಿಂದಲ್ಲ, ಆ ಮೇಲಿನ ಒಂದು ತೂತಿನಿಂದ. ಮುಂದಿನ ಅಳತೆಗಳೆಲ್ಲ ಆ ತೂತಿನ ಮೇಲೆ ಬೀಳುವ ಎಳೆತವನ್ನು ಕಡಿಮೆ ಮಾಡಲೆಂದೇ ಇವೆ.

ಇಲ್ಲಿ ತೆಗೆದುಕೊಂಡಿರುವುದು 900 ಮಿ.ಮೀ. ಅಗಲ, 360 ಮಿ.ಮೀ. ಆಳದ ಒಂದೇ ಹಲಗೆಯ ತೆರೆದ ಕಪಾಟು. ಎರಡು ಪಕ್ಕಕ್ಕೂ 2 ಮಿ.ಮೀ. ತಗಡಿನ ಬ್ರಾಕೆಟ್, ನಡುವೆ ಎರಡು ಕಬ್ಬಿಣದ ಪೈಪು, ಅವುಗಳ ಮೇಲೆ 18 ಮಿ.ಮೀ. ಹಲಗೆ.

ಮೊದಲು ಭಾರದ ಲೆಕ್ಕ

ಎಪ್ಪತ್ತೈದು–ಎಂಬತ್ತು ಮಿ.ಮೀ. ದಪ್ಪದ ಬಾಕ್ಸ್ ಫೈಲುಗಳು 900 ಮಿ.ಮೀ.ಗೆ 11 ಹಿಡಿಯುತ್ತವೆ. ತುಂಬಿದ ಫೈಲು ಸುಮಾರು 3 ಕೆ.ಜಿ. ತೂಗುತ್ತದೆ, ಒಟ್ಟು 33 ಕೆ.ಜಿ. ಆದರೆ ಇದನ್ನೇ ನಂಬಿ ಕೂರಬೇಡಿ. ಕಚೇರಿಯವರು ಅಲ್ಲಿ ಬರೀ ಫೈಲು ಇಡುವುದಿಲ್ಲ, ಕಾಗದದ ರೀಮುಗಳನ್ನೂ ಒತ್ತಿ ತುಂಬುತ್ತಾರೆ. 80 ಜಿಎಸ್ಎಂ (ಚದರ ಮೀಟರಿಗೆ 80 ಗ್ರಾಂ) ಎ4 ಕಾಗದದ ಒಂದು ಹಾಳೆ 5 ಗ್ರಾಂ, 500 ಹಾಳೆಯ ರೀಮು ಎರಡೂವರೆ ಕೆ.ಜಿ., ದಪ್ಪ ಸುಮಾರು 50 ಮಿ.ಮೀ. ನಿಲ್ಲಿಸಿ ಜೋಡಿಸಿದರೆ 900 ಮಿ.ಮೀ.ಗೆ 18 ರೀಮು, 45 ಕೆ.ಜಿ. ಕಪಾಟಿನ ಸ್ವಂತ ತೂಕ ಸುಮಾರು 10 ಕೆ.ಜಿ. ಸೇರಿಸಿದರೆ 55. ಭದ್ರತೆಗೆ ಇದನ್ನು ದುಪ್ಪಟ್ಟು ಮಾಡಿ 110 ಕೆ.ಜಿ. ಎಂದು ಹಿಡಿಯಿರಿ.

ಭಾರ ಎರಡು ಪಕ್ಕಕ್ಕೂ ಸರಿಸಮ ಹಂಚಿಕೊಳ್ಳುವುದಿಲ್ಲ. ಒಂದು ಬ್ರಾಕೆಟ್ಟಿಗೆ ನೂರಕ್ಕೆ 60 ಪಾಲು ಎಂದುಕೊಂಡರೆ 66 ಕೆ.ಜಿ., ಅಂದರೆ ಸುಮಾರು 650 ನ್ಯೂಟನ್. ಭಾರದ ಕೇಂದ್ರ ಗೋಡೆಯಿಂದ 200 ಮಿ.ಮೀ. ದೂರದಲ್ಲಿದ್ದರೆ ಬ್ರಾಕೆಟ್ಟನ್ನು ಮುಂದಕ್ಕೆ ಮಗುಚುವ ತಿರುಗುಬಲ 130 ನ್ಯೂಟನ್-ಮೀಟರ್. ಇದನ್ನು ತಡೆಯುವುದು ಮೇಲಿನ ಸ್ಕ್ರೂವಿನ ಎಳೆತ ಮತ್ತು ಕೆಳ ಅಂಚು ಗೋಡೆಗೆ ಒತ್ತುವ ಒತ್ತಡ. ಇವೆರಡರ ನಡುವಿನ ಅಂತರ 265 ಮಿ.ಮೀ. ಇದ್ದರೆ ಸ್ಕ್ರೂ ಮೇಲೆ 490 ನ್ಯೂಟನ್, ಅಂದರೆ 50 ಕೆ.ಜಿ. ಎಳೆತ. ಅದೇ ಅಂದಕ್ಕೆಂದು 120 ಮಿ.ಮೀ. ಎತ್ತರದ ಗಿಡ್ಡ ಬ್ರಾಕೆಟ್ ಮಾಡಿ, ಅಂತರ 95ಕ್ಕೆ ಇಳಿದರೆ ಎಳೆತ 1370 ನ್ಯೂಟನ್, 140 ಕೆ.ಜಿ.! ತಗಡು ಅದೇ, ಭಾರ ಅದೇ. ಗೋಡೆಯ ಕಷ್ಟ ಮಾತ್ರ ಸುಮಾರು ಮೂರು ಪಟ್ಟು. ಗಿರಾಕಿ ಎತ್ತರ ತಗ್ಗಿಸಿ ಎಂದರೆ ಈ ಎರಡು ಅಂಕಿಗಳನ್ನು ಅವರ ಮುಂದಿಡಿ. ದಪ್ಪ ತಗಡು ಹಾಕಿ ಇದನ್ನು ಸರಿದೂಗಿಸಲು ಆಗುವುದಿಲ್ಲ.

ಹಲಗೆಯ ಮೇಲೋ, ಕೆಳಗೋ

ಬ್ರಾಕೆಟ್ ಹಲಗೆಯ ಕೆಳಗೆ ಬಂದರೆ ಅದರ ಓರೆ ಅಂಚು ಒತ್ತಡಕ್ಕೆ ಸಿಗುತ್ತದೆ, ತೆಳು ತಗಡು ಪಕ್ಕಕ್ಕೆ ಉಬ್ಬುತ್ತದೆ. ಕೂತು ಕೆಲಸ ಮಾಡುವವರ ತಲೆಗೂ ತಾಗುತ್ತದೆ. ಅದೇ ಬ್ರಾಕೆಟ್ ಹಲಗೆಯ ಮೇಲಕ್ಕೆ ಕೆನ್ನೆಯಂತೆ ನಿಂತರೆ ಓರೆ ಅಂಚು ಎಳೆತಕ್ಕೆ ಒಳಗಾಗುತ್ತದೆ. ಎಳೆದ ತಗಡು ಉಬ್ಬುವುದಿಲ್ಲ. ಜೊತೆಗೆ ಕೊನೆಯ ಫೈಲು ಪಕ್ಕಕ್ಕೆ ಬೀಳದಂತೆ ತಡೆಯೂ ಆಯಿತು. ಮೇಲಕ್ಕೆ ನಿಲ್ಲುವ ಮಾದರಿಯನ್ನೇ ಆರಿಸಿಕೊಳ್ಳಿ.

ಬ್ರಾಕೆಟ್ಟಿನ ಅಳತೆ

ಪಕ್ಕದಿಂದ ನೋಡಿದರೆ: ಹಿಂಭಾಗದ ಎತ್ತರ 300, ತಳದ ಉದ್ದ 360, ಮೇಲಿನ ಅಂಚು 80, ಮುಂದಿನ ನೇರ ಅಂಚು 60 ಮಿ.ಮೀ. ಮುಂದಿನ ಅಂಚಿಗೆ 60 ಬಂದದ್ದು ಹೀಗೆ: ಕೆಳಮಡಿಕೆಯ ದಪ್ಪ 2, ಅದರ ಮೇಲೆ ನಿಲ್ಲುವ ಪೈಪು 40, ಹಲಗೆ 18. ಮೇಲಿನ ಅಂಚಿನ ತುದಿಯಿಂದ ಮುಂದಿನ ಅಂಚಿನ ತುದಿಗೆ ಓರೆ ಗೆರೆ, ಉದ್ದ ಸುಮಾರು 369 ಮಿ.ಮೀ.

ಮಡಿಕೆಗಳು ನಾಲ್ಕು, ಎಲ್ಲವೂ ಒಳಮುಖ:

- ಹಿಂಮಡಿಕೆ 35 ಮಿ.ಮೀ., ಗೋಡೆಗೆ ಕೂರುವುದು. ಉದ್ದ 294. ಮೇಲಿನ, ಕೆಳಗಿನ ಮಡಿಕೆಗಳ ನಡುವೆ ಎರಡೂ ಕಡೆ 1 ಮಿ.ಮೀ. ಸಡಿಲ ಬಿಟ್ಟು ಕೂರಲಿ.
- ಕೆಳಮಡಿಕೆ 25 ಮಿ.ಮೀ., ಪೈಪುಗಳು ಕೂರುವುದು.
- ಮೇಲ್ಮಡಿಕೆ 25 ಮಿ.ಮೀ., ಉದ್ದ 80.
- ಓರೆಮಡಿಕೆ 15 ಮಿ.ಮೀ., ಬಿಗಿ ಕೊಡುವುದು, ಕೈಗೆ ಅಂಚು ತಾಗದಂತೆ ಕಾಯುವುದು.

ಮೇಲ್ಮಡಿಕೆ ನೋಡಲು ಅಲಂಕಾರದಂತೆ ಕಾಣುತ್ತದೆ, ಆದರೆ ಇಡೀ ಬ್ರಾಕೆಟ್ಟಿನ ಜೀವ ಅಲ್ಲಿದೆ. ಅದನ್ನು ಬಿಟ್ಟರೆ ಏನಾಗುತ್ತದೆ ನೋಡಿ. ಸ್ಕ್ರೂ ಇರುವುದು ಮಡಿಕೆಯ ತಿರುವಿನಿಂದ ಸುಮಾರು 15 ಮಿ.ಮೀ. ಆಚೆ. 490 ನ್ಯೂಟನ್ ಎಳೆತಕ್ಕೆ ಹಿಂಮಡಿಕೆ ಒಂದು ಎಲೆಯಂತೆ ಬಾಗಲು ನೋಡುತ್ತದೆ. ಸ್ಕ್ರೂ ಸುತ್ತ 60 ಮಿ.ಮೀ. ಅಗಲದ ತಗಡು ಮಾತ್ರ ಹೊರುತ್ತದೆ ಎಂದುಕೊಂಡರೆ ಒತ್ತಡ ಚದರ ಮಿ.ಮೀ.ಗೆ 190 ನ್ಯೂಟನ್ ಹತ್ತಿರ ಹೋಗುತ್ತದೆ. ಮೆದು ತಗಡು ಶಾಶ್ವತವಾಗಿ ಬಾಗುವ ಮಿತಿ ಅದಕ್ಕಿಂತ ಬಹಳ ಮೇಲೇನಿಲ್ಲ. ಮೇಲ್ಮಡಿಕೆಯ ಹಿಂದಿನ ಅಂಚನ್ನು ಹಿಂಮಡಿಕೆಯ ತುದಿಗೆ 20 ಮಿ.ಮೀ. ಬೆಸುಗೆ ಹಾಕಿದರೆ ಆ ಎಲೆಗೆ ಎರಡು ಕಡೆ ಹಿಡಿತ ಸಿಗುತ್ತದೆ, ಪೆಟ್ಟಿಗೆಯ ಮೂಲೆಯಂತೆ. ಅಲ್ಲಿ ಬೆರಳಿಟ್ಟು ಒತ್ತಿ ನೋಡಿದರೆ ಬೆಸುಗೆ ಇರುವ ಬ್ರಾಕೆಟ್ಟಿಗೂ ಇಲ್ಲದ್ದಕ್ಕೂ ಇರುವ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಹಿಂಮಡಿಕೆಯಲ್ಲಿ ತೂತುಗಳು ಎರಡು, 9×14 ಮಿ.ಮೀ. ಉದ್ದ ತೂತು, ಅಡ್ಡಕ್ಕೆ. ಒಂದು ತಳದಿಂದ 275, ಇನ್ನೊಂದು 90 ಮಿ.ಮೀ. ಎತ್ತರದಲ್ಲಿ; ಬ್ರಾಕೆಟ್ಟಿನ ಹೊರಮೈಯಿಂದ ತೂತಿನ ನಡುವಿಗೆ 20 ಮಿ.ಮೀ. ಕೆಳಗಿನದು 90ಕ್ಕಿಂತ ತಗ್ಗಿದರೆ ಹಲಗೆಯ ಹಿಂದೆ ಅಡಗಿ ಸ್ಪ್ಯಾನರ್ ಹೋಗುವುದಿಲ್ಲ. ಉದ್ದ ತೂತನ್ನು ಲಂಬವಾಗಿ ಇಡುವುದು ಸಾಮಾನ್ಯ ತಪ್ಪು. ಮಟ್ಟ ಸರಿಮಾಡಲು ಅನುಕೂಲ ಎನಿಸಿದರೂ ಭಾರ ಬಿದ್ದಾಗ ಬ್ರಾಕೆಟ್ ನಿಧಾನಕ್ಕೆ ಕೆಳಗೆ ಜಾರುತ್ತದೆ. ಅಡ್ಡ ತೂತು ಎರಡು ಬ್ರಾಕೆಟ್ಟುಗಳ ನಡುವಿನ ಅಂತರ ಹೊಂದಿಸಲು ಸಾಕು. ಎತ್ತರವನ್ನು ಡ್ರಿಲ್ ಹಾಕುವವರೇ ಸರಿಯಾಗಿ ಹಿಡಿಯಬೇಕು.

ಪೈಪು ಕಟ್ಟಲು ಪಕ್ಕದ ತಗಡಿನಲ್ಲಿ 7 ಮಿ.ಮೀ. ತೂತು ಎರಡು, ತಳದಿಂದ 22 ಎತ್ತರದಲ್ಲಿ, ಹಿಂದಿನಿಂದ 40 ಮತ್ತು 330 ಮಿ.ಮೀ. ದೂರಕ್ಕೆ.

ತಗಡು ಮತ್ತು ಕತ್ತರಿಕೆ

ಐಎಸ್ 513ರ ಸಿಆರ್‌ಸಿಎ (ತಣ್ಣಗೆ ಉರುಳಿಸಿ, ಕಾಯಿಸಿ ಮೆದುಮಾಡಿದ) ತಗಡು, 2 ಮಿ.ಮೀ. ಲೋಡು ಇಳಿಸುವಾಗಲೇ ಮೈಕ್ರೋಮೀಟರ್ ಹಿಡಿದು ಅಂಚಿನಿಂದ ಒಂದಿಷ್ಟು ಒಳಗೆ ಅಳೆಯಿರಿ. ಬಿಲ್ಲಿನಲ್ಲಿ 2 ಎಂದಿದ್ದು ಕೈಗೆ 1.8 ಬಂದರೆ ಬಾಗುವಿಕೆ ತಡೆಯುವ ಬಿಗಿ ನೂರಕ್ಕೆ 27 ಪಾಲು ಕಡಿಮೆ. ಎರಡು ತಗಡುಗಳ ದಪ್ಪ ಬೇರೆ ಬೇರೆ ಇದ್ದರೆ ಮಡಿಕೆಯ ಅಳತೆಯೂ ತಪ್ಪುತ್ತದೆ.

ಬಿಚ್ಚಿದ ಬ್ಲ್ಯಾಂಕಿನ (ಮಡಿಸುವ ಮೊದಲಿನ ಚಪ್ಪಟೆ ತುಂಡಿನ) ಅಳತೆಗೆ ಪ್ರತಿ ಮಡಿಕೆಗೂ ಕಳೆಯಬೇಕಾದ್ದು ಇರುತ್ತದೆ. 2 ಮಿ.ಮೀ. ತಗಡನ್ನು 16 ಮಿ.ಮೀ. ಬಾಯಿಯ ವಿ-ಡೈನಲ್ಲಿ (ಬಗ್ಗಿಸುವ ಯಂತ್ರದ ವಿ ಆಕಾರದ ಅಚ್ಚಿನಲ್ಲಿ) 90 ಡಿಗ್ರಿ ಬಗ್ಗಿಸಿದರೆ ಇದು ಸುಮಾರು 3.7 ಮಿ.ಮೀ. ಆ ಲೆಕ್ಕಕ್ಕೆ ಬ್ಲ್ಯಾಂಕ್ ಉದ್ದ 360 + 35 − 3.7 = 391.3, ಎತ್ತರ 300 + 25 + 25 − 7.4 = 342.6 ಮಿ.ಮೀ. ಈ 3.7 ಅನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಅದೇ ತಗಡಿನ 100 ಮಿ.ಮೀ. ಉದ್ದದ ಪಟ್ಟಿಯನ್ನು ಅದೇ ಯಂತ್ರದಲ್ಲಿ ನಡುವೆ ಬಗ್ಗಿಸಿ, ಎರಡೂ ಕಾಲುಗಳನ್ನು ವರ್ನಿಯರ್‌ನಲ್ಲಿ ಹೊರಗಿನಿಂದ ಅಳೆದು ಕೂಡಿಸಿ. 103.6 ಬಂದರೆ ನಿಮ್ಮ ಯಂತ್ರದ ಅಂಕಿ 3.6. ಐದು ನಿಮಿಷದ ಈ ಪರೀಕ್ಷೆ ಮಾಡದೆ ನೂರು ತುಂಡು ಕತ್ತರಿಸಿದರೆ ಗುಜರಿಗೆ ಹೋಗುವುದು ನೂರೂ.

ಮಡಿಕೆಗಳು ಸೇರುವ ಮೂಲೆಗಳಲ್ಲಿ 6 ಮಿ.ಮೀ. ದುಂಡು ತೂತು ಬಿಡಿ. ಇಲ್ಲದಿದ್ದರೆ ಬಗ್ಗಿಸುವಾಗ ತಗಡು ಅಲ್ಲೇ ಹರಿಯುತ್ತದೆ, ಸಣ್ಣ ಬಿರುಕು ಬಣ್ಣದಡಿ ಮುಚ್ಚಿಹೋಗುತ್ತದೆ. ಚೂಪು ಮೂಲೆಗಳಿಗೆಲ್ಲ 10 ಮಿ.ಮೀ. ದುಂಡಗೆ ಕೊಡಿ.

2500×1250 ಮಿ.ಮೀ. ತಗಡಿನಲ್ಲಿ ಬ್ರಾಕೆಟ್ಟುಗಳನ್ನು ಒಂದೇ ಮುಖವಾಗಿ ಸಾಲಿಟ್ಟರೆ 21 ಬರುತ್ತವೆ. ಒಂದನ್ನು ನೆಟ್ಟಗೆ, ಮುಂದಿನದನ್ನು ತಲೆಕೆಳಗು ಮಾಡಿ ಓರೆಗೆ ಓರೆ ತಾಗಿಸಿ ಜೋಡಿಸಿದರೆ 28, ಅಂದರೆ 14 ಕಪಾಟಿಗೆ ಆಗುವಷ್ಟು. 49 ಕೆ.ಜಿ. ತೂಗುವ ತಗಡಿನಲ್ಲಿ ಇದು ದೊಡ್ಡ ಉಳಿತಾಯ.

ಲೇಸರ್‌ನಲ್ಲಿ ಆಕ್ಸಿಜನ್ ಹಾಕಿ ಕತ್ತರಿಸಿದ ಅಂಚಿನ ಮೇಲೆ ಕಪ್ಪು ಪೊರೆ ಕೂರುತ್ತದೆ. ಪೌಡರ್ ಬಣ್ಣ ಆ ಪೊರೆಯ ಮೇಲೆ ಅಂಟಿ, ಆಮೇಲೆ ಪೊರೆ ಸಮೇತ ಸಿಪ್ಪೆಯಂತೆ ಕಿತ್ತು ಬರುತ್ತದೆ. ನೈಟ್ರೋಜನ್‌ನಲ್ಲಿ ಕತ್ತರಿಸಿ ಎಂದು ಆರ್ಡರಿನಲ್ಲೇ ಬರೆಯಿರಿ, ಇಲ್ಲವೇ ಅಂಚನ್ನು ಉಜ್ಜಿಸಿ.

ಮಡಿಸುವುದು: ಎಡ ಮತ್ತು ಬಲ

ಬ್ಲ್ಯಾಂಕ್ ಎರಡೂ ಕಡೆಗೂ ಒಂದೇ. ಮಡಿಸಿದ ಮೇಲೆ ಮಾತ್ರ ಎಡದ್ದು, ಬಲದ್ದು ಎಂದು ಬೇರೆಯಾಗುತ್ತವೆ, ಕನ್ನಡಿಯ ಪ್ರತಿಬಿಂಬದಂತೆ. ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಕತ್ತರಿಸುವುದು ಒಂದು ಶೆಡ್ಡು, ಮಡಿಸುವುದು ಇನ್ನೊಂದು, ಬಣ್ಣ ಮತ್ತೊಂದು ಆಗಿರುವುದು ಸಾಮಾನ್ಯ. ಬಾಯಲ್ಲಿ ಹೇಳಿದ್ದು ದಾರಿಯಲ್ಲೇ ಕಳೆದುಹೋಗುತ್ತದೆ, ಇಡೀ ಲೋಡು ಎಡದ್ದೇ ಆಗಿ ಬರುತ್ತದೆ. ಬ್ಲ್ಯಾಂಕಿನ ಒಂದು ಮುಖಕ್ಕೆ "ಎಡ", ಇನ್ನೊಂದು ಮುಖಕ್ಕೆ "ಬಲ" ಎಂದು ಮಾರ್ಕರ್‌ನಲ್ಲಿ ಬರೆದು, ಮಡಿಸುವಾಗ ಬೇಕಾದ ಅಕ್ಷರ ಮೇಲೆ ಬರಲಿ ಎಂದು ನಕ್ಷೆಯಲ್ಲಿ ತೋರಿಸಿ. ಅರ್ಧ ಕಟ್ಟು ಮುಗಿದ ಕೂಡಲೇ ನಿಲ್ಲಿಸಿ, ಎಣಿಸಿ, ಆಮೇಲೆ ತಿರುಗಿಸಿ.

ಕ್ರಮ: ಮೊದಲು ಓರೆಮಡಿಕೆ, ನಂತರ ಮೇಲ್ಮಡಿಕೆ, ಕೆಳಮಡಿಕೆ, ಕೊನೆಗೆ ಹಿಂಮಡಿಕೆ. ಹಿಂಮಡಿಕೆ ಬಗ್ಗಿಸುವಾಗ ಮೇಲೆ, ಕೆಳಗೆ ಮಡಿಕೆಗಳು ಆಗಲೇ ಎದ್ದು ನಿಂತಿರುತ್ತವೆ. ಅವುಗಳ ನಡುವಿನ ಜಾಗ 296 ಮಿ.ಮೀ. ಹಾಗಾಗಿ 290 ಮಿ.ಮೀ. ಆಗುವಂತೆ, ತಗಡನ್ನು ಅಚ್ಚಿಗೆ ಒತ್ತುವ ತುಂಡು ಪಂಚ್‌ಗಳನ್ನು ಜೋಡಿಸಿಕೊಳ್ಳಿ. ಉದ್ದ ಪಂಚ್ ಹಾಕಿದರೆ ಎದ್ದ ಮಡಿಕೆ ನುಜ್ಜುಗುಜ್ಜಾಗುತ್ತದೆ. ಬಗ್ಗಿಸಿ ಬಿಟ್ಟ ತಗಡು ಒಂದೆರಡು ಡಿಗ್ರಿ ಹಿಂದಕ್ಕೆ ಬರುತ್ತದೆ, ಅಷ್ಟನ್ನು ಹೆಚ್ಚಿಗೆ ಒತ್ತಬೇಕು.

ಕೋನದ ವಿಷಯದಲ್ಲಿ ಹಿಂಮಡಿಕೆಗೆ ಯಾವ ರಿಯಾಯಿತಿಯೂ ಬೇಡ. ಅದು 90ರ ಬದಲು 91 ಆದರೆ ಬ್ರಾಕೆಟ್ಟಿನ ಮುಂದಿನ ತುದಿ 6 ಮಿ.ಮೀ. ಓಲುತ್ತದೆ, ಏಕೆಂದರೆ ಮುಂದಿನ ತುದಿ 360 ಮಿ.ಮೀ. ದೂರದಲ್ಲಿದೆ. ಎರಡೂ ಬ್ರಾಕೆಟ್ ಒಳಕ್ಕೆ ಓಲಿದರೆ ಪೈಪು ಕೂರುವುದಿಲ್ಲ. ಜೋಡಿಸುವವರು ಸುತ್ತಿಗೆ ಎತ್ತಿಕೊಳ್ಳುತ್ತಾರೆ, ಬಣ್ಣ ಹೋಗುತ್ತದೆ. ಪ್ರತಿ ತುಂಡನ್ನೂ ಟ್ರೈಸ್ಕ್ವೇರ್ ಇಟ್ಟು ನೋಡಿ, ಅರ್ಧ ಡಿಗ್ರಿ ಮೀರಿದರೆ ಹಿಂದಕ್ಕೆ ಕಳಿಸಿ. ಉಳಿದ ಮಡಿಕೆಗಳಲ್ಲಿ ಒಂದು ಡಿಗ್ರಿ ಆಚೀಚೆ ಆದರೆ ತೊಂದರೆಯಿಲ್ಲ.

ಬೆಸುಗೆ, ತೊಳೆತ, ಬಣ್ಣ

ಸಿಒ2 ವೆಲ್ಡಿಂಗ್, 0.8 ಮಿ.ಮೀ. ತಂತಿ. ಮೇಲಿನ ಮೂಲೆಗೆ 20 ಮಿ.ಮೀ., ಕೆಳಗಿನ ಮೂಲೆಗೆ 10 ಸಾಕು. ಕೆಳಗಿನ ಮೂಲೆಯನ್ನು ಪೂರ್ತಿ ಮುಚ್ಚಬೇಡಿ, ತೊಳೆಯುವಾಗ ನೀರು ಇಳಿಯಲು ದಾರಿ ಬೇಕು. ಹಿಂಮಡಿಕೆಯ ಹೊರಮುಖದಲ್ಲಿ ಬೆಸುಗೆ ಉಬ್ಬಿದ್ದರೆ ಅರದಿಂದಲೋ ಗ್ರೈಂಡರ್‌ನಿಂದಲೋ ಸಮ ಮಾಡಿ. ಅಲ್ಲಿ 1 ಮಿ.ಮೀ. ಉಬ್ಬಿದ್ದರೂ ಬ್ರಾಕೆಟ್ ಗೋಡೆಗೆ ಕೂರದೆ ಆ ಗುಬುಟಿನ ಮೇಲೆ ಆಡುತ್ತದೆ.

ಬಣ್ಣಕ್ಕೆ ಮುಂಚೆ ಎಣ್ಣೆ ತೆಗೆಯುವುದು, ತುಕ್ಕು ತೆಗೆಯುವುದು, ಬಣ್ಣ ಹಿಡಿಯಲು ಫಾಸ್ಫೇಟ್ ಲೇಪ ಕೊಡುವುದು, ನಡುನಡುವೆ ನೀರಲ್ಲಿ ಅದ್ದುವುದು: ಏಳು ಟ್ಯಾಂಕಿನ ತೊಳೆತ ಎಂದು ಕರೆಯುವುದು ಇದನ್ನೇ. ಸಂದಿಯಲ್ಲಿ ಆಮ್ಲ ಉಳಿದರೆ ಕೆಲವು ತಿಂಗಳಿಗೆ ಬಣ್ಣದ ಮೇಲೆ ಕಂದು ಗೆರೆ ಇಳಿದಿರುತ್ತದೆ. ಪೌಡರ್ ದಪ್ಪ 60ರಿಂದ 80 ಮೈಕ್ರಾನ್. ತಗಡು 200 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ 10 ನಿಮಿಷ. ಲೆಕ್ಕ ತಗಡಿನ ಬಿಸಿಯದು, ಒಲೆಯ ಗಾಳಿಯದ್ದಲ್ಲ. ಮೇಲಿನ ಪೆಟ್ಟಿಗೆ ಮೂಲೆಯ ಒಳಗೆ ಪೌಡರ್ ಸುಲಭಕ್ಕೆ ಹೋಗುವುದಿಲ್ಲ, ವಿದ್ಯುತ್ ಬಲ ಅದನ್ನು ಅಂಚಿಗೇ ಎಳೆದುಬಿಡುತ್ತದೆ. ಅಲ್ಲಿ ಮೊದಲು ಹೊಡೆದು, ಆಮೇಲೆ ಬಯಲು ಮೈಗೆ ಬರಲು ಹೇಳಿ.

ಪೈಪು ಮತ್ತು ಹಲಗೆ

900 ಮಿ.ಮೀ. ಅಗಲಕ್ಕೆ 18 ಮಿ.ಮೀ. ಪಾರ್ಟಿಕಲ್ ಬೋರ್ಡ್ ಒಂದನ್ನೇ ನಂಬಿದರೆ 45 ಕೆ.ಜಿ.ಗೆ ಅದು ನಡುವೆ ಸುಮಾರು 10 ಮಿ.ಮೀ. ಜೋಲುತ್ತದೆ, ದಿನ ಕಳೆದಂತೆ ಇನ್ನೂ ಇಳಿಯುತ್ತದೆ. ಜೋತ ಹಲಗೆ ಎರಡೂ ಬ್ರಾಕೆಟ್ಟುಗಳ ತಳವನ್ನು ಒಳಕ್ಕೆ ಎಳೆದು ಹಿಂಮಡಿಕೆಯನ್ನು ತಿರುಚುತ್ತದೆ. ಮುಂದೆ ಒಂದು, ಹಿಂದೆ ಒಂದು 40×20×1.6 ಮಿ.ಮೀ. ಪೈಪು, 40ರ ಬದಿ ನೆಟ್ಟಗೆ ನಿಲ್ಲುವಂತೆ ಇಟ್ಟರೆ ಜೋಲು 1 ಮಿ.ಮೀ. ಒಳಗೇ ನಿಲ್ಲುತ್ತದೆ.

ಒಳ ಅಗಲ 896, ಹಾಗಾಗಿ ತುದಿಮುಚ್ಚಳ ಸೇರಿ ಪೈಪಿನ ಉದ್ದ 895. ಮುಚ್ಚಳ 3 ಮಿ.ಮೀ. ತಗಡು, ನಡುವೆ 7 ಮಿ.ಮೀ. ತೂತು, ಅದರ ಒಳಮುಖಕ್ಕೆ ಎಂ6 (6 ಮಿ.ಮೀ. ಬೋಲ್ಟಿನ) ನಟ್ ಬೆಸುಗೆ ಹಾಕಿದ ಮೇಲೆಯೇ ಪೈಪಿಗೆ ಮುಚ್ಚಿ. ಬ್ರಾಕೆಟ್ಟಿನ ಹೊರಗಿನಿಂದ ಎಂ6×16 ಬೋಲ್ಟ್, ಪ್ರತಿ ಕಪಾಟಿಗೆ ನಾಲ್ಕು. ನಟ್ಟಿನ ಒಳಸುರುಳಿಗೆ ಪೌಡರ್ ಕೂರದಂತೆ ಹಳೆ ಬೋಲ್ಟ್ ತಿರುಗಿಸಿಟ್ಟು ಬಣ್ಣಕ್ಕೆ ಕಳಿಸಿ. ಹಲಗೆಗೆ ಪೈಪಿನ ಕೆಳಗಿನಿಂದ 4×16 ಮಿ.ಮೀ. ಸ್ಕ್ರೂ, ಪೈಪಿನ ಕೆಳಮೈಗೆ 10 ಮಿ.ಮೀ., ಮೇಲ್ಮೈಗೆ 4.5 ಮಿ.ಮೀ. ತೂತು, ಒಂದು ಪೈಪಿಗೆ ಐದು ಸ್ಕ್ರೂ. ಹಲಗೆ 895×355, ಕತ್ತರಿಸಿದ ನಾಲ್ಕೂ ಅಂಚಿಗೆ ಎಡ್ಜ್‌ಬ್ಯಾಂಡ್.

ಮೊದಲ ಜೋಡಿಯ ಪರೀಕ್ಷೆ

ಮೊದಲ ಎರಡು ಬ್ರಾಕೆಟ್ ತಯಾರಾದ ಕೂಡಲೇ ಕಪಾಟು ಕಟ್ಟಿ ಶೆಡ್ಡಿನ ಗಟ್ಟಿ ಗೋಡೆಗೆ ಬಿಗಿಯಿರಿ. 55 ಕೆ.ಜಿ. ಮರಳ ಚೀಲ ಇಟ್ಟು ಒಂದು ಗಂಟೆ, ಆಮೇಲೆ 110 ಕೆ.ಜಿ. ಏರಿಸಿ 24 ಗಂಟೆ ಬಿಡಿ. ಚೀಲಗಳನ್ನು ಮುಂದಿನ ಅಂಚಿಗೆ ಒತ್ತರಿಸಿ ಇಡಿ. ಮೇಲಿನ ಸ್ಕ್ರೂ ಪಕ್ಕದಲ್ಲಿ ಹಿಂಮಡಿಕೆಗೂ ಗೋಡೆಗೂ ನಡುವೆ ಎ4 ಕಾಗದದ ಪಟ್ಟಿ ತೂರಿಸಿ ನೋಡಿ. ಭಾರ ಹೇರುವ ಮೊದಲು ಹೋಗದ ಕಾಗದ ಹೇರಿದ ಮೇಲೆ ಸಲೀಸಾಗಿ ಹೋದರೆ ಮಡಿಕೆ ಬಾಯಿ ತೆರೆಯುತ್ತಿದೆ ಎಂದೇ ಅರ್ಥ. ಮೇಲಿನ ಬೆಸುಗೆ ನೋಡಿ. ಭಾರ ಇಳಿಸಿದ ಮೇಲೂ ಮುಂದಿನ ತುದಿ 1 ಮಿ.ಮೀ.ಗಿಂತ ಹೆಚ್ಚು ತಗ್ಗಿಯೇ ಉಳಿದರೆ ಉಳಿದ ಬ್ಲ್ಯಾಂಕುಗಳನ್ನು ಮಡಿಸುವುದನ್ನು ನಿಲ್ಲಿಸಿ.

ಗೋಡೆ ಯಾವುದು?

ಆರ್ಡರ್ ಹಿಡಿಯುವ ದಿನವೇ ಕೇಳಬೇಕಾದ ಪ್ರಶ್ನೆ ಇದು. ಕಾಂಕ್ರೀಟ್ ಗೋಡೆಗೆ ಎಂ8 ಆಂಕರ್ ಬೋಲ್ಟ್ ಸಾಕು. ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕ್ ಗೋಡೆಗೆ 10 ಮಿ.ಮೀ. ನೈಲಾನ್ ಪ್ಲಗ್, 8×80 ಮಿ.ಮೀ. ಷಟ್ಕೋನ ತಲೆಯ ಸ್ಕ್ರೂ, ಅಗಲ ವಾಷರ್. ಗಿಲಾವಿನ 12–15 ಮಿ.ಮೀ. ದಪ್ಪಕ್ಕೆ ಹಿಡಿಯುವ ಶಕ್ತಿಯೇ ಇಲ್ಲ, 50 ಮಿ.ಮೀ. ಪ್ಲಗ್ ಪೂರ್ತಿ ಇಟ್ಟಿಗೆಯೊಳಗೆ ಕೂರುವಂತೆ 85 ಮಿ.ಮೀ. ಆಳ ಕೊರೆಯಿರಿ. ಇಟ್ಟಿಗೆಗಳ ನಡುವಿನ ಗಾರೆಸಂದಿಗೆ ತೂತು ಬಂದರೆ ಬ್ರಾಕೆಟ್ ಎರಡನ್ನೂ ಒಟ್ಟಿಗೆ 30 ಮಿ.ಮೀ. ಮೇಲೆ ಏರಿಸಿ. ಕೊರೆದ ಮೇಲೆ ದೂಳು ಊದಿ ತೆಗೆಯಿರಿ, ದೂಳಿನ ಮೇಲೆ ಕೂತ ಪ್ಲಗ್ ಸುತ್ತುತ್ತದೆ.

ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್) ಬೇರೆ ಜಾತಿ. ಹಗುರ, ಮೆದು. ಸಾಮಾನ್ಯ ಪ್ಲಗ್ ಅದರಲ್ಲಿ ಇವತ್ತು ಬಿಗಿಯಾಗಿ ಕಂಡು ಮುಂದೊಂದು ದಿನ ಕಳಚುತ್ತದೆ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ ಕೊರೆಯಿರಿ, ಎಎಸಿಗೆಂದೇ ಮಾಡಿದ ಉದ್ದ ಪ್ಲಗ್ ಬಳಸಿ. ಗೋಡೆಯ ಆ ಬದಿಗೆ ಹೋಗಲು ಸಾಧ್ಯವಿದ್ದರೆ ಆರಪಾರ ಬೋಲ್ಟ್ ಹಾಕಿ ಹಿಂದೆ 75×75×3 ಮಿ.ಮೀ. ತಗಡು ಕೊಡುವುದು ಅದಕ್ಕಿಂತಲೂ ಮೇಲು. ಟೊಳ್ಳು ಬ್ಲಾಕಿಗೂ ಇದೇ ದಾರಿ.

ಜಿಪ್ಸಂ ಪಾರ್ಟಿಷನ್‌ಗೆ ಬರೀ ಬೋರ್ಡಿನ ಮೇಲೆ ಈ ಕಪಾಟು ತೂಗಬಾರದು. ಬೋರ್ಡ್ ಮುಚ್ಚುವ ಮೊದಲೇ ಒಳಗಿನ ಕಂಬಗಳ, ಅಂದರೆ ಸ್ಟಡ್‌ಗಳ ನಡುವೆ 18 ಮಿ.ಮೀ. ಪ್ಲೈವುಡ್ ಕೂರಿಸಿರಬೇಕು. ಮುಚ್ಚಿ ಆಗಿದ್ದರೆ ಬಿಚ್ಚಿಸಿ, ಇಲ್ಲವೇ ನೆಲಕ್ಕೆ ಕಾಲಿರುವ ಕಪಾಟು ಕೊಡಿ.

ತೂಗುವುದು

ಮೇಜಿನ ಎತ್ತರ 750 ಇದ್ದರೆ ಕಪಾಟಿನ ತಳ ನೆಲದಿಂದ 1250 ಮಿ.ಮೀ.ಗೆ ಬರಲಿ. ನೆಲ ಸಮವಿರುವುದಿಲ್ಲ, ನೆಲದಿಂದ ಎರಡು ಸಲ ಅಳೆಯಬೇಡಿ. ಒಂದು ಕಡೆ ಅಳೆದು ರಸಮಟ್ಟದಿಂದಲೋ ಲೇಸರ್ ಲೆವೆಲ್‌ನಿಂದಲೋ ಗೆರೆ ಎಳೆಯಿರಿ. ಹಲಗೆ ಬಿಚ್ಚಿಟ್ಟು, ಬ್ರಾಕೆಟ್ ಮತ್ತು ಪೈಪುಗಳನ್ನು ಚೌಕಟ್ಟಾಗಿ ಕಟ್ಟಿ, ಗೆರೆಗೆ ಹಿಡಿದು ನಾಲ್ಕೂ ತೂತು ಗುರುತಿಸಿ. ಒಂದೊಂದೇ ಬ್ರಾಕೆಟ್ ಬಿಗಿದು ಆಮೇಲೆ ಪೈಪು ತೂರಿಸಲು ಹೋದರೆ ಅಂತರ ಹೊಂದುವುದಿಲ್ಲ.

ಮೊದಲು ಮೇಲಿನ ಎರಡು ಸ್ಕ್ರೂ ಕೈಬಿಗಿ, ಮಟ್ಟ ನೋಡಿ, ಆಮೇಲೆ ಕೆಳಗಿನವು, ಕೊನೆಗೆ ಮೇಲಿನವು ಪೂರ್ತಿ. ಗೋಡೆ ಅಂಕುಡೊಂಕಾಗಿ ಬ್ರಾಕೆಟ್ ತಳದಲ್ಲಿ ಸಂದಿ ಕಂಡರೆ ಅಲ್ಲಿಗೆ ಕಬ್ಬಿಣದ ವಾಷರ್ ಅಥವಾ ತಗಡಿನ ತುಂಡು ತೂರಿಸಿ. ಮರದ ಚಕ್ಕೆ ಬೇಡ. ಒಣಗಿ ಕುಗ್ಗಿದ ಮೇಲೆ ಕೆಳ ಅಂಚಿಗೆ ಒತ್ತಲು ಗೋಡೆಯೇ ಸಿಗದೆ ಎಳೆತವೆಲ್ಲ ಮತ್ತೆ ಮೇಲಿನ ಸ್ಕ್ರೂ ಮೇಲೆ ಬೀಳುತ್ತದೆ.

ಹಲಗೆ ಕೂರಿಸಿ, ಫೈಲು ತುಂಬಿದ ಒಂದು ತಿಂಗಳ ಮೇಲೆ ಮತ್ತೆ ಹೋಗಿ. ಕೈಯಲ್ಲಿ 13 ಮಿ.ಮೀ. ಸ್ಪ್ಯಾನರ್ ಮತ್ತು ಒಂದು ಕಾಗದದ ಪಟ್ಟಿ ಇದ್ದರೆ ಸಾಕು. ಮೇಲಿನ ಎರಡು ಸ್ಕ್ರೂಗಳ ಪಕ್ಕ ಕಾಗದ ತೂರಿಸಿ ನೋಡಿ. ಹೋದರೆ ಕಾಲು ಸುತ್ತು ಬಿಗಿಯಿರಿ. ಬಿಗಿದಷ್ಟೂ ಸ್ಕ್ರೂ ಸುತ್ತುತ್ತಲೇ ಇದ್ದರೆ ಫೈಲುಗಳನ್ನು ಆಗಲೇ ಕೆಳಗಿಳಿಸಿ, ಹೊಸ ಜಾಗದಲ್ಲಿ ತೂತು ಕೊರೆಯಿರಿ.